ಹಳೆಯ ಸ್ಟೀರಿಯೊಗೆ ಬಿಡಿಭಾಗ: ಹುಡುಕುವ ಮುನ್ನ ಓದಿ

1970ರ ದಶಕದ ಒಂದು ಸ್ಟೀರಿಯೊ ಆಂಪ್ಲಿಫೈಯರ್ ನಿಮ್ಮ ಕೈಗೆ ಬಂದಿದೆ ಎನ್ನೋಣ. ತಯಾರಿಸಿದ ಕಂಪನಿ ಈಗ ಅದರ ಬಿಡಿಭಾಗ ಮಾರುವುದಿಲ್ಲ. ಹಾಗೆಂದು ನಿರಾಶರಾಗಬೇಡಿ. ಒಳಗಿರುವ ಭಾಗಗಳಲ್ಲಿ ಹೆಚ್ಚಿನವು ಆ ಕಾಲದಲ್ಲಿ ಎಲ್ಲ ಕಂಪನಿಗಳೂ ಬಳಸುತ್ತಿದ್ದ ಸಾಮಾನ್ಯ ಭಾಗಗಳು. ಆದ್ದರಿಂದ ಅಂಗಡಿಯಲ್ಲಿ ಯಂತ್ರದ ಹೆಸರು ಹೇಳಿದರೆ ಸಾಲದು, ಕೆಟ್ಟ ಭಾಗದ ಮೈಮೇಲಿನ ಬರಹವನ್ನು ಓದಿ ಹೇಳಬೇಕು. ಆ ಓದನ್ನು ನಿಧಾನವಾಗಿ ಕಲಿಯೋಣ.

ಮೊದಲು ಸುರಕ್ಷತೆ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರಬಹುದು. ಮಲ್ಟಿಮೀಟರಿನಿಂದ ಅಳೆದು, ಅದು ಇಳಿದಿದೆ ಎಂದು ಖಚಿತವಾಗುವ ತನಕ ಕೈ ಹಾಕಬೇಡಿ. ಜಪಾನಿನ ಮನೆಬಳಕೆಗೆಂದು ಮಾಡಿದ ಯಂತ್ರವಾದರೆ ಅದಕ್ಕೆ 100 ವೋಲ್ಟ್ ಬೇಕು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋದೀತು.

ಈಗ ಕೆಪಾಸಿಟರ್. ವಿದ್ಯುತ್ತನ್ನು ಹಿಡಿದಿಟ್ಟು ಬೇಕಾದಾಗ ಬಿಟ್ಟುಕೊಡುವ ಭಾಗವಿದು. ಎಲೆಕ್ಟ್ರೋಲಿಟಿಕ್ ಎಂಬ ಬಗೆಯದರ ಒಳಗೆ ದ್ರವವೊಂದಿದ್ದು, ವರ್ಷಗಳು ಉರುಳಿದಂತೆ ಅದು ಒಣಗುತ್ತದೆ. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ನಿಲ್ಲದೆ ಬರುವುದಕ್ಕೆ ಬಹಳ ಸಲ ಇದೇ ಕಾರಣ. ಅದರ ಮೈಮೇಲೆ ಎರಡು ಅಂಕಿಗಳನ್ನು ನೋಡಿ: 4700 ಮೈಕ್ರೋಫ್ಯಾರಡ್ ಎಂದರೆ ಎಷ್ಟು ಹಿಡಿಯುತ್ತದೆ ಎಂಬ ಅಳತೆ, 63 ವೋಲ್ಟ್ ಎಂದರೆ ಎಷ್ಟು ತಾಳುತ್ತದೆ ಎಂಬ ಮಿತಿ. ಮೊದಲನೆಯದು ಹಳೆಯದರಷ್ಟೇ ಇರಲಿ. ಎರಡನೆಯದು ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆ ಮಾತ್ರ ಇರಕೂಡದು. 85 ಡಿಗ್ರಿಯದರ ಬದಲು 105 ಡಿಗ್ರಿ ತಾಳುವುದು ಸಿಕ್ಕರೆ ಅದನ್ನೇ ಕೊಳ್ಳಿ. ಮೈಮೇಲಿನ ಪಟ್ಟಿ ಋಣ ತುದಿಯ ಗುರುತು. ತಿರುಗುಮುರುಗಾಗಿ ಬೆಸೆದರೆ ಕೆಪಾಸಿಟರ್ ಒಡೆಯಬಹುದು.

ಸಂಕೇತವನ್ನು ಬಲಪಡಿಸುವ ಟ್ರಾನ್ಸಿಸ್ಟರಿಗೆ ಇನ್ನಷ್ಟು ತಾಳ್ಮೆ ಬೇಕು. ಜಪಾನೀ ಟ್ರಾನ್ಸಿಸ್ಟರುಗಳ ಮೇಲೆ ಹೆಸರಿನ ಮೊದಲ ತುಣುಕನ್ನು ಬಿಟ್ಟು ಅಚ್ಚು ಹಾಕುವುದುಂಟು: 'ಸಿ1815' ಎಂದಿದ್ದರೆ ಪೂರ್ಣ ಹೆಸರು 2ಎಸ್‌ಸಿ1815. ಅದು ಸಿಗದಿದ್ದಾಗ ಅಂಗಡಿಯವರು ಬಿಸಿ547 ಕೊಟ್ಟಾರು. ಕೆಲವೆಡೆ ಅದು ಸರಿಹೋಗುತ್ತದೆ. ಆದರೆ ತಯಾರಕರು ಪ್ರಕಟಿಸುವ ಡೇಟಾಶೀಟ್, ಅಂದರೆ ಭಾಗದ ಗುಣಗಳ ಪಟ್ಟಿ, ತೆರೆದು ನೋಡಿ. ಮೊದಲನೆಯದು 50 ವೋಲ್ಟ್ ತಾಳುತ್ತದೆ, ಎರಡನೆಯದು 45. ಕಾಲುಗಳ ಕ್ರಮವೂ ಬೇರೆ: ಚಪ್ಪಟೆ ಮುಖ ನಮ್ಮೆಡೆಗಿದ್ದಾಗ ಎಡದಿಂದ ಮೊದಲನೆಯದರಲ್ಲಿ ಎಮಿಟರ್, ಕಲೆಕ್ಟರ್, ಬೇಸ್, ಎರಡನೆಯದರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಕಾಲುಗಳನ್ನು ಸರಿಯಾಗಿ ಬಾಗಿಸದೆ ಹಾಗೇ ಕೂರಿಸಿದರೆ ಯಂತ್ರ ಕೆಲಸ ಮಾಡದು.

ಸ್ಪೀಕರಿಗೆ ಶಕ್ತಿ ಕೊಡುವ ದೊಡ್ಡ ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ನಕಲಿ ಮಾಲಿನ ಹಾವಳಿ ಹೆಚ್ಚು. ಹೊರಗೆ ಅದೇ ಅಚ್ಚು, ಒಳಗೆ ಚಿಕ್ಕ ಸಿಲಿಕಾನ್ ತುಂಡು. ವಾಲ್ಯೂಮ್ ಏರಿಸಿದೊಡನೆ ಸುಡುತ್ತದೆ. ಕೆಪಾಸಿಟರ್, ಸ್ವಿಚ್, ಫ್ಯೂಸ್‌ಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಂತೋಷವಾಗಿ ಸುತ್ತಿ. ಈ ಒಂದು ಭಾಗವನ್ನು ಮಾತ್ರ ತಯಾರಕರ ಅಧಿಕೃತ ವಿತರಕರಿಂದಲೇ ತರಿಸಿ ಎಂಬುದು ನನ್ನ ಆಗ್ರಹ, ಬೆಲೆ ಹೆಚ್ಚಾದರೂ ಸರಿಯೇ.

ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ಹೊಸ ಭಾಗ ಹುಡುಕುವ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲವು ಬಾರಿ ತಿರುಗಿಸಿ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ರೆಕಾರ್ಡ್ ಪ್ಲೇಯರಿನ ಮುಳ್ಳು, ಅಂದರೆ ಸ್ಟೈಲಸ್, ಸವೆದಿದ್ದರೆ ಅದನ್ನು ಹಿಡಿದಿರುವ ಕಾರ್ಟ್ರಿಜ್‌ನ ಮಾದರಿಸಂಖ್ಯೆ ಬರೆದುಕೊಳ್ಳಿ. ಅಮೆರಿಕದ ಶ್ಯೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯಿಂದ ಹಿಂದೆ ಸರಿಯಿತು. ಆದರೂ ಅದರ ಹಲವು ಮಾದರಿಗಳಿಗೆ ಜಪಾನಿನ ಜಿಕೊ ಮುಳ್ಳುಗಳನ್ನು ಮಾಡುತ್ತದೆ.

ಇನ್ನು ಉಳಿದದ್ದು ಬೇರೆಲ್ಲೂ ಸಿಗದ ಭಾಗಗಳು: ಆ ಮಾದರಿಗೆಂದೇ ಮಾಡಿದ ಗುಂಡಿ, ಮುಂಭಾಗದ ಗಾಜು, ಟ್ರಾನ್ಸ್‌ಫಾರ್ಮರ್. ಇವಕ್ಕೆ ಅದೇ ಮಾದರಿಯ ಕೆಟ್ಟ ಯಂತ್ರವೊಂದನ್ನು ಗುಜರಿಯಲ್ಲಿ ಹುಡುಕಬೇಕಾಗುತ್ತದೆ. ಸಿಕ್ಕಾಗ ಬಿಡಿಯಾಗಿ ಕೇಳದೆ ಇಡೀ ಯಂತ್ರವನ್ನೇ ಕೊಳ್ಳಿ. ಬೇಕಾದ ಭಾಗ ಕಳಚುವ ಮುನ್ನ ಪ್ರತಿಯೊಂದು ತಂತಿ ಎಲ್ಲಿಗೆ ಹೋಗುತ್ತದೆಂದು ಫೋಟೊ ತೆಗೆದಿಟ್ಟುಕೊಳ್ಳಿ.