ಮುಂಭಾರ, ಹಿಂಭಾರ



ಅಳಿಯ, ನಿನ್ನೆ ನಿಮ್ಮಮ್ಮ ಮೈಸೂರಿನಿಂದ ಫೋನ್ ಮಾಡಿದ್ದಳು. ನೀನು ಹೆಂಡತಿ ಮಗುವಿನ ಜೊತೆ ಡೆತ್ ವ್ಯಾಲಿಗೆ ಹೊರಟಿದ್ದೀಯಂತೆ, ಕಾರಿನ ಹಿಂದೆ ಬೈಕ್ ಕಟ್ಟಿಕೊಂಡು ಹೋಗಲು ಹಿಂದಿನ ಕೊಂಡಿಗೆ, ಅಂದರೆ ಹಿಚ್‌ಗೆ ಸಿಕ್ಕಿಸುವ ಕ್ಯಾರಿಯರ್ ತರಿಸಿದ್ದೀಯಂತೆ. ಈ ಬಗ್ಗೆ ನನ್ನ ಮಾತು ಫೋನಿನಲ್ಲಿ ಹೇಳಿದರೆ ಅರ್ಧ ಕಿವಿಗೆ ಬೀಳುತ್ತದೆ, ಅರ್ಧ ಗಾಳಿಗೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಆಸೆ ತಪ್ಪಲ್ಲ. ನಿನ್ನ ಹಿಮಾಲಯನ್ ಬೈಕ್ 411 ಸಿಸಿಯದು, ಶಕ್ತಿ ಸುಮಾರು 24 ಅಶ್ವಶಕ್ತಿ. ಫ್ರೀಮಾಂಟಿನಿಂದ ಐ-5 ಹೆದ್ದಾರಿ ಹಿಡಿದು ಲಾರಿಗಳ ನಡುವೆ ಗಂಟೆಗಟ್ಟಲೆ 70 ಮೈಲಿ ವೇಗದಲ್ಲಿ ಓಡಿಸಿದರೆ ಗಾಡಿಗೂ ಸುಖವಿಲ್ಲ, ಸವಾರನಿಗೂ ಸುಖವಿಲ್ಲ. ಅದು ಕಲ್ಲುಮಣ್ಣಿನ ದಾರಿಯ ಗಾಡಿ. ಅಲ್ಲಿಯವರೆಗೆ ಹೊತ್ತುಕೊಂಡು ಹೋಗಿ ಇಳಿಸುವುದೇ ಸರಿ. ಹೊರುವ ಬಗೆ ಯಾವುದು ಅನ್ನುವುದೊಂದೇ ನನ್ನ ತಕರಾರು.

ಕಾರಿನ ಪುಸ್ತಕದಲ್ಲಿ 1,500 ಪೌಂಡ್ ಎಳೆಯಬಹುದು ಎಂದಿದೆ, ಕ್ಯಾರಿಯರ್ 500 ಪೌಂಡ್ ತಡೆಯುತ್ತದೆ, ಬೈಕ್ ಇರುವುದೇ 440, ಇನ್ನೇನು ಹೆದರಿಕೆ ಎಂದು ನೀನು ಅಂದೆಯಂತೆ. ಮೂರು ಲೆಕ್ಕವೂ ಸರಿ, ಉತ್ತರ ಮಾತ್ರ ತಪ್ಪು. 1,500 ಅನ್ನುವುದು ಚಕ್ರವಿರುವ ಟ್ರೇಲರನ್ನು ಎಳೆಯುವ ಲೆಕ್ಕ. ಒಂದು ಟನ್ ಕಬ್ಬಿನ ಗಾಡಿ ಎಳೆಯುವ ಜೋಡಿ ಎತ್ತಿನ ಬೆನ್ನ ಮೇಲೆ ಆ ಒಂದು ಟನ್ ಹೇರುವವರುಂಟೇ? ಹಿಚ್‌ನ ಮೇಲೆ ನೇರವಾಗಿ ಬೀಳುವ ಭಾರಕ್ಕೆ ಬೇರೆ ಮಿತಿಯಿದೆ. ಅದಕ್ಕೆ ಇಲ್ಲಿ ಟಂಗ್ ವೇಯ್ಟ್ ಅನ್ನುತ್ತಾರೆ. ನಿನ್ನಂಥ ಕಾರಿಗೆ ಅದು ಎಳೆಯುವ ಲೆಕ್ಕದ ಹತ್ತರಲ್ಲಿ ಒಂದು ಪಾಲು, ಅಂದರೆ 150 ಪೌಂಡ್. ಕ್ಯಾರಿಯರ್‌ನ 500 ಅನ್ನುವುದು ಕ್ಯಾರಿಯರ್ ತಾನು ಮುರಿಯುವುದಿಲ್ಲ ಎಂಬ ಮಾತು ಅಷ್ಟೇ. ನಿನ್ನ ಕಾರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ನಿನ್ನ ತಾತ, ಅಂದರೆ ನನ್ನಪ್ಪ, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಗಾಡಿಯಲ್ಲಿ ಕಬ್ಬು ಸಾಗಿಸುತ್ತಿದ್ದ ಕಾಲ ನೀನು ನೋಡಿದ್ದಲ್ಲ. ಹೊರೆ ಹೇರುವಾಗ ಅಪ್ಪ ನಡುನಡುವೆ ಮುಂದೆ ಬಂದು ನೊಗ ಕಟ್ಟುವ ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಿದ್ದರು. ಕೈಗೆ ಒಂದಿಷ್ಟು ಭಾರ ತಾಗಬೇಕು. ಹೆಚ್ಚು ತಾಗಿದರೆ ಮುಂಭಾರ, ಎತ್ತಿನ ಹೆಗಲು ಹುಣ್ಣಾಗುತ್ತದೆ. ಮೂಕಿ ತಾನಾಗಿ ಮೇಲೇಳುವಂತಿದ್ದರೆ ಹಿಂಭಾರ, ನೊಗ ಎದ್ದು ಕೊರಳ ಹಗ್ಗ ಎತ್ತಿನ ಗಂಟಲು ಹಿಸುಕುತ್ತದೆ. ಒಂದು ದಿನ ಏರು ಹತ್ತುವಾಗ ಕಟ್ಟು ಸಡಿಲವಾಗಿ ಹೊರೆ ಹಿಂದಕ್ಕೆ ಜಾರಿತು. ಎಡಗಡೆಯ ಎತ್ತು ನಾಲಗೆ ಹೊರಚಾಚಿ ಕಣ್ಣು ಮೇಲೆ ಮಾಡಿತು. ಅಪ್ಪ ನಿಮ್ಮಮ್ಮನನ್ನೂ ನನ್ನನ್ನೂ ರೆಟ್ಟೆ ಹಿಡಿದೆತ್ತಿ ಮೂಕಿಯ ಮೇಲೆ ಕೂರಿಸಿದರು. ನೊಗ ಕೆಳಗಿಳಿಯಿತು, ಎತ್ತು ಉಸಿರುಬಿಟ್ಟಿತು. ಹೊರೆಯ ತೂಕ ಬದಲಾಗಿರಲಿಲ್ಲ ಕಣಪ್ಪ. ಜಾರಿದ್ದು ಒಂದು ಮೊಳ, ಅಷ್ಟೇ.

ಆ ಒಂದು ಮೊಳದ ಲೆಕ್ಕವನ್ನು ನಿನ್ನ ಕಾರಿಗೆ ಹಾಕಿ ನೋಡು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 106 ಇಂಚು ಎಂದಿಟ್ಟುಕೋ. ಹಿಂದಿನ ಆ್ಯಕ್ಸಲ್‌ನಿಂದ ಬಂಪರ್ ದಾಟಿ, ಅಡ್ಡಲಾಗಿ ನಿಂತ ಬೈಕಿನ ನಡುವಿಗೆ 53 ಇಂಚು. ಸರಿಯಾಗಿ ಅರ್ಧ. ಬೈಕ್ 440, ಕಬ್ಬಿಣದ ಕ್ಯಾರಿಯರ್ 80, ಒಟ್ಟು 520 ಪೌಂಡ್ ಹಿಂದೆ ನೇತಾಡುತ್ತದೆ. ಅದರ ಅರ್ಧ, 260 ಪೌಂಡ್, ಮುಂದಿನ ಚಕ್ರಗಳ ಮೇಲಿಂದ ಎದ್ದು ಹೋಗುತ್ತದೆ. ಎದ್ದದ್ದು ಎಲ್ಲಿಗೆ ಹೋಯಿತು? ಹಿಂದಿನ ಆ್ಯಕ್ಸಲ್‌ಗೆ. 520 ಮತ್ತು 260 ಕೂಡಿಸಿ 780 ಪೌಂಡ್ ಅಲ್ಲಿ ಕೂರುತ್ತದೆ. ಇದರ ಮೇಲೆ ಹಿಂದಿನ ಸೀಟಿನಲ್ಲಿ ಮಗು, ಡಿಕ್ಕಿಯಲ್ಲಿ ನೀರಿನ ಕ್ಯಾನು, ಸಾಮಾನು.

ಕಾರಿನ ಮೂತಿ ಮೇಲೇಳುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಟೀರಿಂಗ್ ಹಗುರಾಗುತ್ತದೆ, ತಿರುಗಿಸಿದಷ್ಟು ಕಾರು ತಿರುಗುವುದಿಲ್ಲ. ಬ್ರೇಕಿನ ಹೆಚ್ಚಿನ ಕೆಲಸ ಮಾಡುವುದು ಮುಂದಿನ ಚಕ್ರ, ಆ ಚಕ್ರಕ್ಕೇ ನೆಲದ ಹಿಡಿತ ಕಮ್ಮಿ. ನೀನು ಹೋಗುವ 190ನೇ ಹೆದ್ದಾರಿ ಟೌನ್ ಪಾಸ್‌ನಲ್ಲಿ ಸುಮಾರು 5,000 ಅಡಿ ಏರಿ, ಅಲ್ಲಿಂದ ಕಡಿದಾಗಿ ಕಣಿವೆಗೆ ಇಳಿಯುತ್ತದೆ. ಕಣಿವೆಯ ತಳ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಆ ಇಳಿಜಾರಿನಲ್ಲಿ ಹಗುರಾದ ಮುಂದಿನ ಚಕ್ರವನ್ನು ನಂಬಿಕೊಂಡು ನನ್ನ ಮೊಮ್ಮಗು ಕೂತಿರುವುದು ನನಗೆ ಬೇಡ.

ಹಿಚ್‌ನ ಕಥೆ ಇದಕ್ಕಿಂತ ಸೂಕ್ಷ್ಮ. ಕ್ಲಾಸ್ ಒಂದು, ಎರಡರ ಹಿಚ್‌ಗಳ ಚೌಕಬಾಯಿ ಒಂದೂಕಾಲು ಇಂಚು. ಒಂದನೆಯದು ಸಾಮಾನ್ಯವಾಗಿ 200 ಪೌಂಡ್ ಭಾರಕ್ಕೆ, ಎರಡನೆಯದು 350ಕ್ಕೆ. ಕ್ಲಾಸ್ ಮೂರರದು ಎರಡಿಂಚು ಬಾಯಿ, 800 ಪೌಂಡ್‌ವರೆಗೂ ಹೋಗುತ್ತದೆ. ಬೈಕ್ ಹೊರಲು ಕ್ಲಾಸ್ ಮೂರೇ ಬೇಕು. ಒಂದೂಕಾಲು ಇಂಚಿನ ಬಾಯಿಗೆ ಎರಡಿಂಚಿನ ಅಡಾಪ್ಟರ್ ಸಿಕ್ಕಿಸಿದರೆ ತೂತು ದೊಡ್ಡದಾಗುತ್ತದೆ, ತಾಕತ್ತು ದೊಡ್ಡದಾಗುವುದಿಲ್ಲ. ಹಿಚ್‌ಗೆ ಉದ್ದನೆಯ ತುಂಡು ಜೋಡಿಸಿದರಂತೂ ತಯಾರಕರೇ ಮಿತಿಯನ್ನು ಅರ್ಧಕ್ಕೆ ಇಳಿಸಿ ಎನ್ನುತ್ತಾರೆ. ದೂರ ಹೆಚ್ಚಿದಂತೆ ತಿರುಚುವ ಬಲ ಹೆಚ್ಚುತ್ತದೆ, ಸನ್ನೆಗೋಲಿನ ಹಾಗೆ. ಇನ್ನೊಂದು ಮಾತು: ಹಿಚ್, ಕಾರು, ಕ್ಯಾರಿಯರ್ ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ನಿನ್ನ ಮಿತಿ.

ಹಾಗಾದರೆ ಮಾವ ಕ್ಯಾರಿಯರ್‌ನಲ್ಲೇ ಒಯ್ಯುತ್ತಿದ್ದರಲ್ಲ ಎಂದು ನೀನು ಕೇಳಬಹುದು. ಹೌದು, ಹಾಲಿಸ್ಟರ್ ಹಿಲ್ಸ್‌ನ ಮಣ್ಣುದಾರಿಗಳಿಗೆ ವರ್ಷಗಟ್ಟಲೆ ಒಯ್ದಿದ್ದೇನೆ. ಆದರೆ ನನ್ನದು ಯಮಾಹಾ ಟಿಡಬ್ಲ್ಯೂ200, ಪೆಟ್ರೋಲ್ ಸೇರಿ 278 ಪೌಂಡ್. ಹೊತ್ತದ್ದು ದಪ್ಪ ಛಾಸಿಯ ಪಿಕಪ್, ಕ್ಲಾಸ್ ಮೂರು ಹಿಚ್. ಅಷ್ಟಾದರೂ ಮೊದಲ ಸಲವೇ ಪಾಠ ಕಲಿತೆ. ಗಿಲ್‌ರಾಯ್ ದಾಟಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಸುಟ್ಟ ರಬ್ಬರಿನ ವಾಸನೆ. ಪಿಕಪ್ಪಿನ ಸೈಲೆನ್ಸರ್ ಬಾಯಿ ನೇರವಾಗಿ ಬೈಕಿನ ಹಿಂದಿನ ಟೈರಿನ ಪಕ್ಕೆಗೆ ಉಗುಳುತ್ತಿತ್ತು. ಬೆರಳಿಟ್ಟೆ, ರಬ್ಬರು ಮೆತ್ತಗಾಗಿ ಅಂಟಿತು. ಆ ದಿನ ಬೈಕ್ ಇಳಿಸಲೇ ಇಲ್ಲ, ಮನೆಗೆ ವಾಪಸ್ ತಂದು ಟೈರ್ ಬದಲಿಸಿದೆ. ಅದೇ ಟೈರಿನಲ್ಲಿ ಓಡಿಸಿದ್ದರೆ ಏನಾಗುತ್ತಿತ್ತೋ. ಆಮೇಲೆ ಬೈಕನ್ನು ತಿರುಗಿಸಿ ನಿಲ್ಲಿಸಿದೆ, ಸೈಲೆನ್ಸರಿಗೆ ಹೊಗೆಯನ್ನು ಕೆಳಕ್ಕೆ ತಿರುಗಿಸುವ ತುಂಡು ಹಾಕಿದೆ.

ಮುಂದಿನ ಚಕ್ರ ಮಾತ್ರ ಎತ್ತಿ ಹಿಂದಿನ ಚಕ್ರ ನೆಲದ ಮೇಲೆ ಉರುಳುವ ಬಗೆಯ ಕ್ಯಾರಿಯರೂ ಸಿಗುತ್ತದೆ. ಇಂಜಿನ್ ನಿಂತಿದ್ದರೂ ಚೈನು ಗೇರ್‌ಬಾಕ್ಸನ್ನು ತಿರುಗಿಸುತ್ತಲೇ ಇರುತ್ತದೆ, ಒಳಗೆ ಎಣ್ಣೆ ಸರಿಯಾಗಿ ಹರಿಯುವುದಿಲ್ಲ. ಚೈನು ಬಿಚ್ಚದೆ ದೂರ ಹೋಗುವಂತಿಲ್ಲ. ಇದರ ಗೊಡವೆ ಬೇಡ.

ಕಟ್ಟುವುದನ್ನು ಮಾತ್ರ ನಿಧಾನವಾಗಿ ಓದು, ಟ್ರೇಲರಿಗೂ ಇದೇ. ಬೈಕಿನ ಸ್ಟ್ಯಾಂಡ್ ಮಡಚಿರಬೇಕು, ಬೈಕ್ ನೆಟ್ಟಗೆ ಎರಡು ಚಕ್ರದ ಮೇಲೆ ನಿಂತಿರಬೇಕು. ನಾಲ್ಕು ರ್ಯಾಚೆಟ್ ಪಟ್ಟಿ, ನಾಲ್ಕು ಮೂಲೆಗೆ, ಪ್ರತಿಯೊಂದೂ ಕೆಳಕ್ಕೂ ಹೊರಕ್ಕೂ ಎಳೆಯುವಂತೆ. ಕೊಕ್ಕೆಯನ್ನು ಹ್ಯಾಂಡಲ್‌ಬಾರಿಗೆ ನೇರ ಸಿಕ್ಕಿಸಬೇಡ. ಮೆತ್ತನೆಯ ಬಟ್ಟೆಯ ಕುಣಿಕೆಯನ್ನು ಫೋರ್ಕಿನ ಕೆಳಗಿನ ಕ್ಲ್ಯಾಂಪ್‌ಗೆ ಸುತ್ತಿ, ಕೊಕ್ಕೆಯನ್ನು ಕುಣಿಕೆಗೆ ಹಾಕು. ಎಡಕ್ಕೆ ಎರಡು ಹಲ್ಲು, ಬಲಕ್ಕೆ ಎರಡು ಹಲ್ಲು, ಹೀಗೆ ಸಮವಾಗಿ ಬಿಗಿ ಮಾಡು. ಫೋರ್ಕ್ ಮೂರನೇ ಒಂದು ಪಾಲು ಇಳಿದರೆ ಸಾಕು. ಪೂರ್ತಿ ಇಳಿಸಿದರೆ ಸೀಲಿಗೆ ಕಷ್ಟ, ಸಡಿಲ ಬಿಟ್ಟರೆ ಗುಂಡಿಯಲ್ಲಿ ಫೋರ್ಕ್ ಕುಸಿದಾಗ ಕೊಕ್ಕೆ ತಾನಾಗಿ ಕಳಚುತ್ತದೆ. ಕಟ್ಟಿ ಮುಗಿದ ಮೇಲೆ ಸೀಟು ಹಿಡಿದು ಅಲುಗಾಡಿಸು. ಬೈಕ್ ಅಲುಗಿದರೆ ಕಾರೂ ಜೊತೆಗೇ ಅಲುಗಬೇಕು. ಉಳಿದ ಪಟ್ಟಿಯ ತುದಿಯನ್ನು ಗಂಟು ಹಾಕು, ಗಾಳಿಗೆ ಪಟಪಟಿಸಿದರೆ ಅದೇ ಸವೆದು ಹರಿಯುತ್ತದೆ. ಹೊರಟು 15-20 ಮೈಲಿಗೆ ನಿಲ್ಲಿಸಿ ಮತ್ತೆ ಬಿಗಿ ನೋಡು. ಮೊದಲ ಬಿಗಿ ಎಂದೂ ಕೊನೆಯ ಬಿಗಿ ಆಗುವುದಿಲ್ಲ. ನಂಬರ್ ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಹಿಂದಿನವರಿಗೆ ಕಾಣಲೇಬೇಕು, ಅದು ಕಾನೂನು.

ಈಗ ನಿನಗೆ ನಾನು ಹೇಳುವುದು ಟ್ರೇಲರ್. ನನ್ನ ಸಣ್ಣ ಟ್ರೇಲರ್ 400 ಪೌಂಡ್, ನಿನ್ನ ಬೈಕ್ ಸೇರಿ 840. ನಿನ್ನ 1,500ರ ಒಳಗೇ ಆಯಿತು. ಅದರ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿಯ ಮೇಲೆ ಕೂರಬೇಕು, ಅಂದರೆ 84ರಿಂದ 126 ಪೌಂಡ್. ನಿನ್ನ 150ರ ಒಳಗೇ ಆಯಿತು. ಅಪ್ಪ ಮೂಕಿ ಎತ್ತಿ ನೋಡುತ್ತಿದ್ದ ಮುಂಭಾರವೇ ಇದು. ಬೈಕನ್ನು ಹಿಂದಕ್ಕೆ ನಿಲ್ಲಿಸಿ ಹಿಂಭಾರ ಮಾಡಿದರೆ ಟ್ರೇಲರ್ ಹೆದ್ದಾರಿಯಲ್ಲಿ ಹಾವಿನಂತೆ ಬಾಲ ಹೊಡೆಯುತ್ತದೆ, ಆಮೇಲೆ ಹಿಡಿಯುವುದು ಕಷ್ಟ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಗಾಡಿಗೆ ಗಂಟೆಗೆ 55 ಮೈಲಿಯೇ ಮಿತಿ. ಉಳಿದವರೆಲ್ಲ ಭರ್ರೆಂದು ಹಿಂದಿಕ್ಕಿ ಹೋಗುತ್ತಾರೆ, ಹೋಗಲಿ ಬಿಡು. ಬೇಕರ್ಸ್‌ಫೀಲ್ಡ್ ದಾಟಿ 58ನೇ ಹೆದ್ದಾರಿಯಲ್ಲಿ ತೆಹಾಚಪಿ ಏರಿದಾಗ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳು ಕಾಣುತ್ತವೆ. ಅಷ್ಟೊಂದು ಯಂತ್ರ ಅಲ್ಲಿ ನೆಟ್ಟಿರುವುದು ಸುಮ್ಮನೆ ಅಲ್ಲ. ಅಡ್ಡಗಾಳಿ ಅಲ್ಲಿ ಕಾರನ್ನೇ ಪಕ್ಕಕ್ಕೆ ತಳ್ಳುತ್ತದೆ. ಇನ್ನೂ ನಿಧಾನವಾಗು, ಎರಡು ಕೈಯೂ ಸ್ಟೀರಿಂಗ್ ಮೇಲಿರಲಿ.

ಮಾವನ ಮಾತನ್ನೂ ಕಣ್ಣುಮುಚ್ಚಿ ನಂಬಬೇಡ, ತೂಗಿ ನೋಡು. ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜ್ ಇರುತ್ತದೆ. ಕಾರೂ ಹತ್ತಿಸಬಹುದು, ಮುಂದಿನ ಆ್ಯಕ್ಸಲ್ ಎಷ್ಟು, ಹಿಂದಿನದು ಎಷ್ಟು ಎಂದು ಚೀಟಿಯಲ್ಲಿ ಬೇರೆ ಬೇರೆಯಾಗಿ ಅಚ್ಚಾಗಿ ಬರುತ್ತದೆ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೊಂದು ಸ್ಟಿಕ್ಕರ್ ಇದೆ, ಪ್ರತಿ ಆ್ಯಕ್ಸಲ್ ಎಷ್ಟು ತಡೆಯುತ್ತದೆ ಎಂದು ಅದರಲ್ಲಿದೆ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದು.

ಕ್ಯಾರಿಯರ್ ಡಬ್ಬ ಇನ್ನೂ ಒಡೆಯದಿದ್ದರೆ ವಾಪಸ್ ಕಳಿಸು. ಶನಿವಾರ ಬೆಳಿಗ್ಗೆ ತಿಂಡಿಗೆ ಎಲ್ಲರೂ ಬನ್ನಿ, ಅತ್ತೆ ಅಕ್ಕಿರೊಟ್ಟಿ ಮಾಡುತ್ತಾಳೆ. ಟ್ರೇಲರ್ ಗ್ಯಾರೇಜಿನಲ್ಲಿದೆ, ಟೈರಿಗೆ ಗಾಳಿ ಹೊಡೆದು, ಲೈಟು ನೋಡಿ ಇಟ್ಟಿರುತ್ತೇನೆ. ಬೈಕ್ ಓಡಿಸಿಕೊಂಡು ಬಾ, ಹೆಂಡತಿ ಕಾರು ತರಲಿ. ಕಾರಿನ ಪುಸ್ತಕ ಮರೆಯಬೇಡ.