ಹೆಸರಿನ ಹರಾಜು: ಕೇಳೋ ಬೆಲೆ ಬೇರೆ, ಸಿಗೋ ಬೆಲೆ ಬೇರೆ



ಟಿ. ನರಸೀಪುರದ ಒಕ್ಕೂಟದ ಸಭೆಯಲ್ಲಿ ಒಬ್ಬ ಅಕ್ಕ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ನನ್ನ ಮಗ ಮೊಬೈಲಲ್ಲಿ ನೋಡಿದ್ನಂತೆ. ಇಂಟರ್‌ನೆಟ್ಟಲ್ಲಿ ಬರೀ ಹೆಸರು ಕೊಂಡು ಇಟ್ಕೊಂಡು, ಆಮೇಲೆ ಹರಾಜು ಹಾಕಿದ್ರೆ ಲಕ್ಷಗಟ್ಟಲೆ ಬರುತ್ತಂತೆ. ಸಂಘದಿಂದ ಇಪ್ಪತ್ತು ಸಾವಿರ ಸಾಲ ಕೊಡ್ತೀರಾ?" ಕೆಲವರು ನಕ್ಕರು. ಆದರೆ ಇದು ನಕ್ಕು ಬಿಡುವ ಪ್ರಶ್ನೆ ಅಲ್ಲ. ಕೇಳುತ್ತಿರುವುದು ಸಂಘದ ಉಳಿತಾಯದ ಹಣ. ಅದು ನಾವು ವಾರ ವಾರ ಹತ್ತು, ಇಪ್ಪತ್ತು ಎಂದು ಕೂಡಿಸಿದ ದುಡ್ಡು. ಅದಕ್ಕೇ ಈ ಸಲದ ಪಾಠದಲ್ಲಿ ಇದೇ ವಿಷಯವನ್ನು ತೆಗೆದುಕೊಂಡಿದ್ದೇವೆ.

ಹೆಸರು ಅಂದರೆ ಯಾವ ಹೆಸರು?

ಅಂಗಡಿಗೆ ಬೋರ್ಡು ಇದ್ದ ಹಾಗೆ ವೆಬ್‌ಸೈಟಿಗೂ ಒಂದು ಹೆಸರು ಇರುತ್ತದೆ. ಕೊನೆಗೆ ಡಾಟ್ ಕಾಮ್, ಡಾಟ್ ಇನ್ ಅಂತ ಬರುತ್ತದಲ್ಲ, ಅದು. ಇದನ್ನೇ ಡೊಮೇನ್ ಹೆಸರು ಎನ್ನುತ್ತಾರೆ. ಡಾಟ್ ಕಾಮ್ ಹೆಸರುಗಳು 1985ರಲ್ಲಿ ಶುರುವಾದವು. ನಮ್ಮ ದೇಶದ ಡಾಟ್ ಇನ್ ಹೆಸರು 2005ರಲ್ಲಿ ಎಲ್ಲರಿಗೂ ಸಿಗುವಂತಾಯಿತು. ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ಎಂಬುದೂ ಈಗ ಉಂಟು.

ಒಂದು ಹೆಸರು ಲೋಕದಲ್ಲಿ ಒಬ್ಬರಿಗೆ ಮಾತ್ರ. ಮೊದಲು ಕೇಳಿದವರಿಗೆ ಮೊದಲು. ಆದರೆ ಒಂದು ಮಾತು ನೆನಪಿಡಿ. ಇದು ಹೊಲ ಕೊಂಡ ಹಾಗಲ್ಲ, ಗುತ್ತಿಗೆ ಹಿಡಿದ ಹಾಗೆ. ಒಂದು ವರ್ಷಕ್ಕೋ ಎರಡು ವರ್ಷಕ್ಕೋ, ಹೆಚ್ಚೆಂದರೆ ಒಂದೇ ಸಲಕ್ಕೆ 10 ವರ್ಷಕ್ಕೋ ಹಣ ಕಟ್ಟಬಹುದು. ಸಾಮಾನ್ಯ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಆಗುತ್ತದೆ. ಕಟ್ಟುವುದು ನಿಂತರೆ ಹೆಸರು ಕೈಬಿಡುತ್ತದೆ.

ಹೆಸರು ಕೈಬಿಟ್ಟ ಒಂದು ಸಂಘದ ಕಥೆ

ನಂಜನಗೂಡು ತಾಲ್ಲೂಕಿನ ನಮ್ಮ ಒಂದು ಸಂಘ ಹುರಿಹಿಟ್ಟು, ಸಾಂಬಾರ್ ಪುಡಿ, ಹಪ್ಪಳ ಮಾಡಿ ಮಾರುತ್ತದೆ. ಆರ್ಡರ್ ಹಿಡಿಯಲು ಒಂದು ವೆಬ್‌ಸೈಟ್ ಮಾಡಿಸಿಕೊಂಡಿದ್ದರು. ಹೆಸರು ನೋಂದಾಯಿಸಿದ್ದು ಒಬ್ಬ ಸದಸ್ಯೆಯ ತಂಗಿಯ ಮಗ. ಒಳ್ಳೆಯ ಹುಡುಗನೇ. ಆದರೆ ನೋಂದಣಿ ಅವನ ಹೆಸರಲ್ಲಿ, ಇಮೇಲ್ ಅವನದು, ಫೋನ್ ನಂಬರ್ ಅವನದು. ಅವನು ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ, ನಂಬರ್ ಬದಲಾಯಿಸಿದ. ಅವಧಿ ಮುಗಿಯಿತು ಎಂಬ ಎಚ್ಚರಿಕೆಯ ಪತ್ರಗಳೆಲ್ಲ ಯಾರೂ ತೆರೆಯದ ಇಮೇಲಿಗೆ ಹೋದವು. ಒಂದು ದಿನ ಗಿರಾಕಿಯೊಬ್ಬರು ಫೋನ್ ಮಾಡಿ, "ಏನಮ್ಮಾ, ನಿಮ್ಮ ಸೈಟೇ ಬರ್ತಿಲ್ಲ" ಎಂದಾಗಲೇ ಇವರಿಗೆ ಗೊತ್ತಾದದ್ದು. ಅಷ್ಟು ಹೊತ್ತಿಗೆ ಹೆಸರು ಹರಾಜಿಗೆ ಬಂದಿತ್ತು.

ಇದು ಅನ್ಯಾಯ ಅಂತ ಅನ್ನಿಸಬಹುದು. ಆದರೆ ಗಿರವಿ ಇಟ್ಟ ಒಡವೆಯನ್ನು ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳದಿದ್ದರೆ ಏನಾಗುತ್ತದೆ? ಇಲ್ಲೂ ಹಾಗೆಯೇ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ಸಾಮಾನ್ಯವಾಗಿ ಕೆಲವು ವಾರ, ಹೆಚ್ಚೆಂದರೆ 45 ದಿನ, ಮಾಮೂಲಿ ಹಣ ಕಟ್ಟಿ ಉಳಿಸಿಕೊಳ್ಳಬಹುದು. ಆಮೇಲೆ 30 ದಿನ ದಂಡ ಸೇರಿಸಿ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ಮುಗಿದರೆ 5 ದಿನ ಕಳೆದು ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ. ಆದರೆ ಅನೇಕ ನೋಂದಣಿ ಕಂಪನಿಗಳು ಅಷ್ಟು ದಿನ ಕಾಯುವುದಿಲ್ಲ. ಮೊದಲ ಕೆಲವು ವಾರಗಳಲ್ಲೇ ಹರಾಜಿಗೆ ಹಾಕಿಬಿಡುತ್ತವೆ. ಖಾತೆ ನಮ್ಮ ಕೈಯಲ್ಲಿದ್ದರೆ ಆಗಲೂ ಹಣ ಕಟ್ಟಿ ಉಳಿಸಿಕೊಳ್ಳಲು ದಾರಿ ಇರುತ್ತದೆ. ಈ ಸಂಘಕ್ಕೆ ಖಾತೆಯ ಪಾಸ್‌ವರ್ಡೇ ಗೊತ್ತಿರಲಿಲ್ಲ.

ಆನ್‌ಲೈನ್ ಹರಾಜು ಹೇಗೆ ನಡೆಯುತ್ತದೆ?

ಹರಾಜು ನಮಗೆ ಹೊಸದಲ್ಲ. ಚೀಟಿ ಕೂಗುವುದು ಗೊತ್ತು. ರೇಷ್ಮೆ ಗೂಡು ತೆಗೆದುಕೊಂಡು ರಾಮನಗರದ ಮಾರುಕಟ್ಟೆಗೆ ಹೋದವರು ನಮ್ಮಲ್ಲಿ ಇದ್ದಾರೆ. ಅಲ್ಲಿ ಮೊದಲು ಕೈಸನ್ನೆಯಲ್ಲಿ, ಕೂಗಿನಲ್ಲಿ ನಡೆಯುತ್ತಿದ್ದ ವ್ಯವಹಾರ ಇ-ಹರಾಜಿಗೆ ಬಂತು. ಎ.ಪಿ.ಎಂ.ಸಿ.ಗಳಿಗೂ ಇ-ಟೆಂಡರ್ ಬಂತು. ಹೆಸರಿನ ಹರಾಜೂ ಇದೇ ಜಾತಿಯದು. ಮಾಲು ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಮಾರುವವರು ಮೂರು ಬೆಲೆ ಇಡಬಹುದು. ಒಂದು, ಶುರುವಿನ ಬೆಲೆ. ಇದು ಕೂಗು ಆರಂಭವಾಗುವ ಮೊತ್ತ. ಎರಡು, ಒಳಬೆಲೆ. ಅಂದರೆ ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಮಾರುವವರು ಗುಟ್ಟಾಗಿ ಬರೆದಿಡುವ ಮೊತ್ತ. ಮೂರು, ಈಗಲೇ ಕೊಟ್ಟರೆ ಹರಾಜಿಲ್ಲದೆ ಕೊಡುತ್ತೇವೆ ಎನ್ನುವ ಬೆಲೆ.

ಕೊಳ್ಳುವವರು ತಮ್ಮ ಗರಿಷ್ಠ ಮೊತ್ತವನ್ನು ಮೊದಲೇ ಬರೆದಿಡಬಹುದು. ಎದುರಿನವರು ಏರಿಸಿದ ಹಾಗೆ ಕಂಪ್ಯೂಟರೇ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗುತ್ತದೆ. ಬರೆದ ಮೊತ್ತ ದಾಟಿದರೆ ನಿಲ್ಲುತ್ತದೆ. ಕೊನೆಯ ಕೆಲವು ನಿಮಿಷದಲ್ಲಿ ಯಾರಾದರೂ ಏರಿಸಿದರೆ ಅನೇಕ ಕಡೆ ಸಮಯ ಮುಂದಕ್ಕೆ ಹೋಗುತ್ತದೆ. ಮಾರಾಟವಾದರೆ ಹರಾಜು ನಡೆಸುವ ಕಂಪನಿ ತನ್ನ ಕಮಿಷನ್ ಹಿಡಿಯುತ್ತದೆ. ಶೇಕಡಾ 10, 15, 20 ಹೀಗೆ ಒಂದೊಂದು ಕಡೆ ಒಂದೊಂದು ರೀತಿ.

ನಮ್ಮ ಆ ಸಂಘದವರು ಏನು ಮಾಡಿದರು ಗೊತ್ತೇ? ಹರಾಜಿಗೆ ಮೊದಲು ಸಭೆ ಸೇರಿದರು. ಹೊಸ ಹೆಸರು ತೆಗೆದುಕೊಂಡರೆ ಎಷ್ಟು ಖರ್ಚು, ಹಳೆಯ ಲೇಬಲ್ಲಿಗೆ ಚೀಟಿ ಅಂಟಿಸಲು ಎಷ್ಟು, ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡಲು ಎಷ್ಟು ಎಂದು ಲೆಕ್ಕ ಹಾಕಿದರು. ಎಲ್ಲ ಸೇರಿ ಆರು ಸಾವಿರ ಬಂತು. "ಆರು ಸಾವಿರದ ಮೇಲೆ ಒಂದು ರೂಪಾಯಿಯೂ ಇಲ್ಲ" ಎಂದು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದರು. ಕೂಗು ಆರು ಸಾವಿರ ದಾಟಿತು. "ಇನ್ನೊಂದೈನೂರು ಹಾಕೋಣ ಕಣಕ್ಕಾ, ನಮ್ಮದೇ ಹೆಸರಲ್ವಾ" ಎಂದು ಒಬ್ಬರು ಕಣ್ಣೀರು ಹಾಕಿದರು. ಪ್ರತಿನಿಧಿ ಪುಸ್ತಕ ತೆರೆದು ತೋರಿಸಿದರು. ನಿಂತರು.

ಹೆಸರು ಒಂಬತ್ತು ಸಾವಿರಕ್ಕೆ ಯಾರಿಗೋ ಹೋಯಿತು. ಸ್ವಲ್ಪ ದಿನದ ಮೇಲೆ ನೋಡಿದರೆ ಅದೇ ಹೆಸರಿನ ಮುಂದೆ 'ಮಾರಾಟಕ್ಕಿದೆ, ಬೆಲೆ ಒಂದೂವರೆ ಲಕ್ಷ' ಎಂದು ಬರೆದಿತ್ತು. ಇಂದಿಗೂ ಹಾಗೇ ಬಿದ್ದಿದೆ. ಸಂಘದವರು ಡಾಟ್ ಇನ್‌ನಲ್ಲಿ ಬೇರೆ ಹೆಸರು ತೆಗೆದುಕೊಂಡು ವ್ಯಾಪಾರ ಮುಂದುವರಿಸಿದ್ದಾರೆ. ಹುರಿಹಿಟ್ಟಿನ ರುಚಿ ಅವರ ಕೈಯಲ್ಲಿತ್ತು, ಹೆಸರಿನಲ್ಲಲ್ಲ.

ಹೆಸರಿಗೆ ಬೆಲೆ ಬರುವುದು ಯಾವುದರಿಂದ?

1. ಗಿಡ್ಡ ಹೆಸರು, ಎಲ್ಲರಿಗೂ ಗೊತ್ತಿರುವ ಪದ. 2019ರಲ್ಲಿ 'ವಾಯ್ಸ್ ಡಾಟ್ ಕಾಮ್' ಎಂಬ ಹೆಸರು 3 ಕೋಟಿ ಡಾಲರಿಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 200 ಕೋಟಿ ರೂಪಾಯಿಗೆ ಮಾರಾಟವಾಯಿತು. ಮೊಬೈಲಿನಲ್ಲಿ ಹುಡುಗರು ನೋಡುವುದು ಇಂಥ ಸುದ್ದಿಯನ್ನೇ. ಆದರೆ ಅಂಥ ಪದಗಳನ್ನೆಲ್ಲ ಬಹಳ ಹಿಂದೆಯೇ ಯಾರೋ ತೆಗೆದುಕೊಂಡಾಗಿದೆ. ಇಂದು ಸಾವಿರ ರೂಪಾಯಿಗೆ ಸುಲಭವಾಗಿ ಸಿಗುವ ಹೆಸರು ಅಂದರೆ, ಇಲ್ಲಿಯವರೆಗೆ ಯಾರೂ ಬೇಕೆನ್ನದ ಹೆಸರು ಎಂದೇ ಅರ್ಥ.

2. ತಪ್ಪಿಲ್ಲದೆ ಬರೆಯಲು ಬರಬೇಕು. ನಮ್ಮ ಊರಿನ ಹೆಸರನ್ನೇ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಕೆಲವರು 'ನಂಜನ್‌ಗುಡ್' ಎಂದು ಬರೆಯುತ್ತಾರೆ, ಕೆಲವರು 'ನಂಜನಗೂಡು' ಎಂದು ಪೂರ್ತಿ ಬರೆಯುತ್ತಾರೆ. ಟಿ. ನರಸೀಪುರವನ್ನು ತಿರುಮಕೂಡಲು ನರಸೀಪುರ ಎಂದೂ ಬರೆಯುತ್ತಾರೆ, 'ನರ್ಸಿಪುರ್' ಎಂದೂ ಬರೆಯುತ್ತಾರೆ. ಜಿಲ್ಲೆಯ ಹೆಸರೇ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಮೈಸೂರು ಎಂದಾಯಿತು. ಅದಕ್ಕೆ ಮೊದಲು 'ಮೈಸೋರ್' ಇತ್ತು. ಗಿರಾಕಿ ಯಾವ ಕಾಗುಣಿತ ಒತ್ತುತ್ತಾರೋ ಹೇಳಲಾಗದು. ಇಂಥ ಹೆಸರಿಗೆ ಬೆಲೆ ಕಡಿಮೆ.

3. ಬೇಕು ಎನ್ನುವ ಗಿರಾಕಿ ಇರಬೇಕು. ಸೊಪ್ಪು ಸಂಜೆಗೆ ಬಾಡುತ್ತದೆ ಎಂದು ಅರ್ಧ ಬೆಲೆಗಾದರೂ ಹೋಗುತ್ತದೆ. ಹೆಸರು ಹಾಗಲ್ಲ. ಅದು ಬೇಕಾದವರು ಒಬ್ಬರೋ ಇಬ್ಬರೋ ಇರುತ್ತಾರೆ, ಇಲ್ಲದೆಯೂ ಇರಬಹುದು. ಇಬ್ಬರಿಗೆ ಬೇಕಾದರೆ ಮಾತ್ರ ಹರಾಜಿನಲ್ಲಿ ಬೆಲೆ ಏರುತ್ತದೆ.

4. ಹೆಸರು ಬೇರೆಯವರದ್ದಾಗಿರಬಾರದು. 'ನಂದಿನಿ'ಯೋ 'ಮೈಸೂರು ಸ್ಯಾಂಡಲ್'ಓ ಸೇರಿಸಿ ಒಂದು ಹೆಸರು ಮಾಡಿಕೊಂಡು, ಆ ಸಂಸ್ಥೆಯವರಿಗೇ ಮಾರೋಣ ಎಂದುಕೊಂಡರೆ ಅದು ವ್ಯಾಪಾರವಲ್ಲ, ತಕರಾರು. ವ್ಯಾಪಾರದ ಹೆಸರಿಗೆ ಇರುವ ರಕ್ಷಣೆ ಡೊಮೇನ್ ಹೆಸರಿಗೂ ಉಂಟು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಡಾಟ್ ಇನ್ ಹೆಸರುಗಳ ತಕರಾರು ತೀರಿಸಲು ಪ್ರತ್ಯೇಕ ನಿಯಮವೇ ಇದೆ. ಕೆಟ್ಟ ಉದ್ದೇಶದಿಂದ ತೆಗೆದುಕೊಂಡದ್ದು ಎಂದು ಸಾಬೀತಾದರೆ ಹೆಸರು ಕೈಬಿಟ್ಟು ಹೋಗುತ್ತದೆ. ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ ಇವಕ್ಕೆಲ್ಲ ಜಿ.ಐ. ಮಾನ್ಯತೆ ಇದೆ. ಇವು ಆ ನೆಲದಲ್ಲಿ ಬೆಳೆಯುವ ಎಲ್ಲರ ಸ್ವತ್ತು. ಒಬ್ಬರು ಬಚ್ಚಿಟ್ಟು ಮಾರುವ ಸರಕು ಅಲ್ಲ.

ಇಪ್ಪತ್ತು ಸಾವಿರದ ಲೆಕ್ಕ

ಈಗ ಆ ಅಕ್ಕನ ಪ್ರಶ್ನೆಗೆ ಬರೋಣ. ಸಾವಿರದಂತೆ 20 ಹೆಸರು ಕೊಂಡರು ಎಂದುಕೊಳ್ಳಿ. ಮೊದಲ ವರ್ಷ 20,000. ಹೆಸರು ಉಳಿಯಬೇಕಾದರೆ ಎರಡನೇ ವರ್ಷವೂ 20,000. ಐದು ವರ್ಷಕ್ಕೆ ಒಂದು ಲಕ್ಷ. ನಡುವೆ ಒಂದು ಹೆಸರು 15,000ಕ್ಕೆ ಹೋಯಿತು ಅನ್ನಿ. ಶೇಕಡಾ 20 ಕಮಿಷನ್ ಎಂದರೆ 3,000 ಕಳೆದು ಕೈಗೆ 12,000. ಸಂಘದ ಸಾಲದ ಬಡ್ಡಿ ಬೇರೆ. ಈ ನಷ್ಟ ತುಂಬಲು ಇನ್ನೆಷ್ಟು ಹೆಸರು ಮಾರಾಟವಾಗಬೇಕು, ನೀವೇ ಹೇಳಿ. ಅದೇ ಇಪ್ಪತ್ತು ಸಾವಿರಕ್ಕೆ ಎರಡು ಹೊಲಿಗೆ ಯಂತ್ರ ಬಂದರೆ ನಾಳೆಯಿಂದಲೇ ಕೆಲಸ ಶುರು.

ಈ ಕಸುಬನ್ನೇ ಮಾಡುವವರು ಇಲ್ಲ ಎಂದು ನಾವು ಹೇಳುತ್ತಿಲ್ಲ. ಇದ್ದಾರೆ. ಅವರು ಹಿಂದೆ ಯಾವ ಹೆಸರು ಎಷ್ಟಕ್ಕೆ ಹೋಯಿತು ಎಂದು ವರ್ಷಗಟ್ಟಲೆ ನೋಡಿಕೊಂಡು ಬಂದಿರುತ್ತಾರೆ, ಕಳೆದುಕೊಳ್ಳಬಹುದಾದ ಸ್ವಂತ ಹಣ ಹಾಕಿರುತ್ತಾರೆ. ಸಂಘದ ಹಣ ಕಳೆದುಕೊಳ್ಳಬಹುದಾದ ಹಣವಲ್ಲ. ಆ ಅಕ್ಕನಿಗೂ ನಾವು ಇದನ್ನೇ ಹೇಳಿದೆವು.

ಮಾರುವ ಸಂದರ್ಭ ಬಂದರೆ

ಸಂಘಕ್ಕೆ ಬೇಡವಾದ ಒಂದು ಹೆಸರನ್ನು ಮಾರುವ ಸಂದರ್ಭ ಬರಬಹುದು. ಆಗ ಹೀಗೆ ಮಾಡಿ:

- ಇದುವರೆಗೆ ಆ ಹೆಸರಿಗೆ ಕಟ್ಟಿದ್ದೆಷ್ಟು ಎಂದು ಕೂಡಿಸಿ. ಕಮಿಷನ್ ಕಳೆದ ಮೇಲೂ ಅಷ್ಟಾದರೂ ಬರುವಂತೆ ಒಳಬೆಲೆ ಇಡಿ.
- ಅಂಥದ್ದೇ ಹೆಸರುಗಳು ಎಷ್ಟಕ್ಕೆ ಮಾರಾಟವಾಗಿವೆ ನೋಡಿ. ಎಷ್ಟು ಕೇಳಿದ್ದಾರೆ ಎಂದು ನೋಡಬೇಡಿ.
- ಶುರುವಿನ ಬೆಲೆ ತೀರಾ ಮೇಲೆ ಇಟ್ಟರೆ ಯಾರೂ ಕೂಗುವುದಿಲ್ಲ. ಕೆಳಗೆ ಇಟ್ಟು, ಒಳಬೆಲೆಯಿಂದ ಕಾಪಾಡಿಕೊಳ್ಳಿ.
- ಹಣ ಬರುವ ಮೊದಲು ವರ್ಗಾವಣೆಯ ಕೋಡನ್ನು ಯಾರಿಗೂ ಕೊಡಬೇಡಿ. ಎಸ್ಕ್ರೋ ಎಂಬ ವ್ಯವಸ್ಥೆ ಇದೆ. ಕೊಳ್ಳುವವರ ಹಣವನ್ನು ಮೂರನೆಯವರು ಹಿಡಿದಿಟ್ಟು, ಹೆಸರು ಕೈಸೇರಿದ ಮೇಲೆ ಮಾರಿದವರಿಗೆ ಕೊಡುತ್ತಾರೆ.

ಮೋಸದ ಕರೆ ಬಂದರೆ

"ನಿಮ್ಮ ಹೆಸರಿಗೆ ಐದು ಲಕ್ಷ ಕೊಡುವ ಪಾರ್ಟಿ ಇದೆ. ಮೊದಲು ಬೆಲೆ ಕಟ್ಟಿಸಿದ ಸರ್ಟಿಫಿಕೇಟ್ ಬೇಕು, ಅದಕ್ಕೆ ಮೂರು ಸಾವಿರ ಹಾಕಿ" ಎಂದು ಇಮೇಲ್ ಅಥವಾ ಫೋನ್ ಬರಬಹುದು. ಇದು ಹಳೆಯ ಮೋಸ. ದುಡ್ಡು ಹಾಕಿದ ಮೇಲೆ ಪಾರ್ಟಿಯೂ ಇಲ್ಲ, ಸರ್ಟಿಫಿಕೇಟಿಗೆ ಬೆಲೆಯೂ ಇಲ್ಲ. ಕೊಳ್ಳುವವರು ನಮಗೆ ಹಣ ಕೊಡಬೇಕೇ ಹೊರತು ನಾವು ಅವರಿಗೆ ಕೊಡುವುದಲ್ಲ. 'ಹೆಸರು ನವೀಕರಿಸಿ' ಎಂದು ಬೇರೆ ಕಂಪನಿಯಿಂದ ಬರುವ ಸುಳ್ಳು ಬಿಲ್ಲುಗಳೂ ಉಂಟು. ನಾವು ನೋಂದಾಯಿಸಿದ ಕಂಪನಿ ಯಾವುದೆಂದು ನೋಡಿಯೇ ಕಟ್ಟಬೇಕು. ಮೋಸ ಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಸಂಘ ಇಂದೇ ಮಾಡಬೇಕಾದ್ದು

ವೆಬ್‌ಸೈಟ್ ಇರುವ ಸಂಘಗಳು ಮುಂದಿನ ಸಭೆಯಲ್ಲೇ ನಾಲ್ಕು ವಿಷಯ ನಿರ್ಣಯ ಪುಸ್ತಕದಲ್ಲಿ ಬರೆಯಿರಿ: ಹೆಸರು ಯಾರ ಹೆಸರಲ್ಲಿ ನೋಂದಣಿಯಾಗಿದೆ, ಯಾವ ಕಂಪನಿಯಲ್ಲಿ, ಯಾವ ಇಮೇಲ್ ಮತ್ತು ಫೋನ್ ನಂಬರಿಗೆ ಸೂಚನೆ ಬರುತ್ತದೆ, ಅವಧಿ ಮುಗಿಯುವ ತಾರೀಖು ಯಾವುದು. ನೋಂದಣಿ ಸಂಘದ ಹೆಸರಲ್ಲೇ ಇರಲಿ. ಪಾಸ್‌ವರ್ಡ್ ಇಬ್ಬರು ಪ್ರತಿನಿಧಿಗಳಿಗೆ ಗೊತ್ತಿರಲಿ. ಅದನ್ನು ಪುಸ್ತಕದಲ್ಲಿ ಮಾತ್ರ ಬರೆಯಬೇಡಿ. ಪ್ರತಿನಿಧಿ ಬದಲಾದಾಗ ಬ್ಯಾಂಕಿನಲ್ಲಿ ಸಹಿ ಬದಲಾಯಿಸುವ ಹಾಗೆ ಇದನ್ನೂ ಬದಲಾಯಿಸಿ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಆರು ಸಾವಿರಕ್ಕೆ ನಿಲ್ಲಿಸಿದ ಸಂಘದವರ ತೀರ್ಮಾನ ಸರಿಯೇ? ನೀವಾಗಿದ್ದರೆ ಎಷ್ಟರವರೆಗೆ ಹೋಗುತ್ತಿದ್ದಿರಿ? ಯಾಕೆ?
2. ಚೀಟಿ ಕೂಗುವಾಗ ಅವಸರದಲ್ಲಿ ಹೆಚ್ಚು ಕಳೆದುಕೊಂಡ ಅನುಭವ ಯಾರಿಗಾದರೂ ಇದೆಯೇ? ಮೊದಲೇ ಮಿತಿ ಹಾಕಿಕೊಂಡಿದ್ದರೆ ಏನಾಗುತ್ತಿತ್ತು?
3. ನಮ್ಮ ಸಂಘದ ಪದಾರ್ಥವನ್ನು ಜನ ಕೊಳ್ಳುವುದು ಯಾವುದಕ್ಕೆ? ಹೆಸರಿಗೋ, ರುಚಿಗೋ, ನಮ್ಮ ಮೇಲಿನ ನಂಬಿಕೆಗೋ?

ಮೂರನೆಯ ಪ್ರಶ್ನೆಗೆ ಎಲ್ಲರೂ ಉತ್ತರ ಹೇಳಿ. ನಮ್ಮ ಕಾರ್ಯಕರ್ತೆಯರು ಮುಂದಿನ ತಿಂಗಳು ಸಭೆಗೆ ಬಂದಾಗ ಅದನ್ನು ಕೇಳುತ್ತಾರೆ.