ಮೂರನೇ ಚಕ್ರದ ಲೆಕ್ಕ



‘ಶೋಲೆ’ ಸಿನಿಮಾ ನಿಮ್ಮಲ್ಲಿ ಬಹಳ ಜನ ಟಿ.ವಿ.ಯಲ್ಲಿ ನೋಡಿರ್ತೀರಿ. ಕರ್ನಾಟಕದ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಜೈ ಮತ್ತು ವೀರು ಹಾಡುತ್ತ ಹೋಗುವ ಸೈಡ್‌ಕಾರ್ ಫಟಫಟಿ ನೆನಪಿದೆಯಾ? ಅದು ಬಿ.ಎಸ್.ಎ. ಕಂಪನಿಯ ಡಬ್ಲ್ಯು.ಎಂ.20. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ಈ ಮಾದರಿಯ ಒಂದು ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾಗಿದ್ದವು.

ಸೈಡ್‌ಕಾರ್ ಯಾಕೆ?

ಎರಡು ಚಕ್ರದ ಗಾಡಿ ನಿಂತರೆ ಬೀಳುತ್ತದೆ, ಹೆಚ್ಚು ಭಾರವನ್ನೂ ಹೊರಲಾರದು. ಪಕ್ಕಕ್ಕೆ ಒಂದು ಚಕ್ರ ಸೇರಿಸಿದರೆ ನೆಲದ ಮೇಲೆ ಮೂರು ಆಧಾರ ಬಿಂದುಗಳ ತ್ರಿಕೋನ ಆಗುತ್ತದೆ. ಗುರುತ್ವ ಕೇಂದ್ರದಿಂದ ಕೆಳಗೆ ಎಳೆದ ಲಂಬರೇಖೆ ಈ ತ್ರಿಕೋನದ ಒಳಗೆ ಬಿದ್ದರೆ ನಿಂತ ಗಾಡಿ ಬೀಳುವುದಿಲ್ಲ. ಹೀಗಾಗಿ ಮೊದಲ ಮಹಾಯುದ್ಧದಲ್ಲೇ ಬ್ರಿಟಿಷರು ಸೈಡ್‌ಕಾರ್ ಮೇಲೆ ವಿಕರ್ಸ್ ಮೆಷಿನ್ ಗನ್ ಕೂರಿಸಿದ್ದರು.

ಹೊಸ ತೊಂದರೆ

ಎಂಜಿನ್ ತಳ್ಳುವುದು ಬೈಕಿನ ಹಿಂದಿನ ಚಕ್ರವನ್ನು ಮಾತ್ರ. ಸೈಡ್‌ಕಾರ್ ಎಡಕ್ಕಿದ್ದರೆ, ವೇಗ ಹೆಚ್ಚಿಸಿದಾಗ ಜಡತ್ವದಿಂದ ಅದು ಹಿಂದೆ ಉಳಿಯಲು ನೋಡುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಬೈಕಿನ ಬ್ರೇಕ್ ಮಾತ್ರ ಹಾಕಿದರೆ ಸೈಡ್‌ಕಾರ್ ಮುಂದೆ ನುಗ್ಗಿ ಗಾಡಿ ಬಲಕ್ಕೆ ಎಳೆಯುತ್ತದೆ. ಜೋರಾಗಿ ಎಡಕ್ಕೆ ತಿರುಗಿದರೆ ಸೈಡ್‌ಕಾರ್ ಚಕ್ರವೇ ಮೇಲೇಳುತ್ತದೆ. ಅದಕ್ಕೇ ಖಾಲಿ ಸೈಡ್‌ಕಾರ್‌ನಲ್ಲಿ ಮರಳಿನ ಚೀಲ ಇಡುವ ರೂಢಿ ಇದೆ.

ಕೆಸರಿನಲ್ಲಿ ಒಂದೇ ಚಕ್ರ ತಳ್ಳಿದರೆ ಸಾಲದು. ಜರ್ಮನಿಯ ಬಿ.ಎಂ.ಡಬ್ಲ್ಯು. ಆರ್75 ಗಾಡಿಯಲ್ಲಿ (745 ಸಿ.ಸಿ., 26 ಅಶ್ವಶಕ್ತಿ) ಸೈಡ್‌ಕಾರ್ ಚಕ್ರಕ್ಕೂ ಎಂಜಿನ್ ಶಕ್ತಿ ಸಿಗುತ್ತಿತ್ತು, ರಿವರ್ಸ್ ಗೇರೂ ಇತ್ತು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕಲ್ವಾ? ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಅದರಲ್ಲಿ ಡಿಫರೆನ್ಷಿಯಲ್ ಇತ್ತು. ಆದರೆ ಗಾಡಿಯ ತೂಕ 400 ಕಿ.ಗ್ರಾಂ. ದಾಟಿತು, ತಯಾರಿಕೆಯೂ ದುಬಾರಿ. ಅಷ್ಟರಲ್ಲಿ ನಾಲ್ಕೂ ಚಕ್ರ ತಳ್ಳುವ ಜೀಪ್ ಬಂತು. 1941ರಿಂದ 1945ರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪ್ ತಯಾರಾದವು. ಸೈಡ್‌ಕಾರ್‌ನ ಕಾಲ ಮುಗಿಯುತ್ತ ಬಂತು.

ಮಾಡಿ ನೋಡಿ

ಚೌಕಾಕಾರದ ಗಟ್ಟಿ ರಟ್ಟು ತೆಗೆದುಕೊಳ್ಳಿ. ಒಂದು ಬದಿಯ ಎರಡು ಮೂಲೆಗಳ ಕೆಳಗೆ ಎರಡು ಬಾಟಲಿ ಮುಚ್ಚಳ, ಎದುರು ಬದಿಯ ನಡುವೆ ಒಂದು ಮುಚ್ಚಳ ಇಡಿ. ರಟ್ಟಿನ ಮಧ್ಯದಲ್ಲಿ ಕಲ್ಲು ಇಟ್ಟರೆ ಏನೂ ಆಗುವುದಿಲ್ಲ. ಅದೇ ಕಲ್ಲನ್ನು ಆಧಾರವಿಲ್ಲದ ಮೂಲೆಗೆ ಸರಿಸಿ. ರಟ್ಟು ಮಗುಚುತ್ತದೆ!

ನಮ್ಮ ರಿಕ್ಷಾ

ಈಗ ಈ ರಟ್ಟನ್ನೇ ರಿಕ್ಷಾ ಅಂದುಕೊಳ್ಳಿ. ಹಿಂದೆ ಎರಡು ಚಕ್ರ, ಮುಂದೆ ಒಂದೇ. ತ್ರಿಕೋನ ಹಿಂದೆ ಅಗಲ, ಮುಂದೆ ಕಿರಿದು. ಇಚಲಕರಂಜಿ, ಗಡಹಿಂಗ್ಲಜದಲ್ಲಿ ರಿಕ್ಷಾದಲ್ಲಿ ಶಾಲೆಗೆ ಬರುವವರು ಯೋಚಿಸಿ: ಚಾಲಕರ ಪಕ್ಕ ಕೂತರೆ ಭಾರ ಬೀಳುವುದು ಕಿರಿದಾದ ಭಾಗದ ಕಡೆಗೆ. ತಿರುವಿನಲ್ಲಿ ಬ್ರೇಕ್ ಹಾಕಿದರೆ ಭಾರ ಇನ್ನೂ ಮುಂದಕ್ಕೂ ಹೊರಕ್ಕೂ ವಾಲುತ್ತದೆ, ಗಾಡಿ ಮಗುಚಬಹುದು. ಆದ್ದರಿಂದ ಮುಂದೆ ಕೂರಬೇಡಿ. ಚಿಕ್ಕವರು ಕೂತಿದ್ದರೆ ಕಾರಣ ಹೇಳಿ, ಹಿಂದೆ ಕೂರಿಸಿ.

ಪ್ರಶ್ನೆಗಳು

1. ಸೈಡ್‌ಕಾರ್ ಬಲಕ್ಕಿದ್ದರೆ ಯಾವ ಕಡೆ ತಿರುಗುವಾಗ ಅದರ ಚಕ್ರ ಮೇಲೇಳುತ್ತದೆ?
2. ರಿಕ್ಷಾದ ಮೇಲ್ಛಾವಣಿಯ ಮೇಲೆ ಭಾರ ಹೇರಿದರೆ ಗುರುತ್ವ ಕೇಂದ್ರ ಎಲ್ಲಿಗೆ ಸರಿಯುತ್ತದೆ? ತಿರುವಿನಲ್ಲಿ ಏನಾಗಬಹುದು?